ಖಾಲಿಹೊಟ್ಟೆಯ ಲೆಕ್ಕ

ಸೊಹಾರ್ ಬಂದರಿನ ಎರಡನೇ ಗೇಟಿನ ಪಕ್ಕ ಕ್ಲಿನಿಕ್ಕು.
ಬೆಳಗಿನ ಆರೂಮುಕ್ಕಾಲು. ಏಸಿಯ ನೀರು ತೊಟ್ಟಿಕ್ಕುವ ಬಕೀಟು.
ನೂರ ಅರವತ್ತೆಂಟು, ಅಂದಳು ಐರಿನ್ ಕ್ರಾಸ್ತಾ,
ನನ್ನ ಬೆರಳಿಗೆ ಹತ್ತಿಯ ಚೂರು ಒತ್ತುತ್ತ.

ಅದು ಹೇಗೆ ಸಿಸ್ಟರ್?
ರಾತ್ರಿಯಿಡೀ ಕ್ರೇನಿನ ಗೂಡಿನಲ್ಲಿ
ನೆಲದಿಂದ ನಲವತ್ತು ಮೀಟರು ಮೇಲೆ
ಬರೀ ನೀರು ಕುಡಿದು ಕೂತಿದ್ದೆ.
ಇಳಿದಾಗ ಹನೀಫ ಡಬ್ಬಿ ಬಿಚ್ಚಿದ್ದ;
ಉಸಿರು ಬಿಗಿಹಿಡಿದು ದಾಟಿಬಂದೆ.
ಸಕ್ಕರೆ ಎಲ್ಲಿಂದ ಬಂತು, ಗಾಳಿಯಿಂದಲೇ?

ಒಳಗೊಬ್ಬ ಇದ್ದಾನೆ ಖಾರ್ವಿ, ಅಂದಳು.
ಬಲಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದಳು,
ನನ್ನದಲ್ಲ, ತನ್ನದು.
ಲಿವರ್.
ನೀವು ಉಂಡಾಗ ಒಂದಿಷ್ಟು ಎತ್ತಿಡುತ್ತಾನೆ,
ಉಣ್ಣದಾಗ ತೆಗೆದು ಹಂಚುತ್ತಾನೆ,
ತೀರಿದರೆ ಹೊಸದು ತಯಾರಿಸುತ್ತಾನೆ.
ಸಾಕು ನಿಲ್ಲಿಸು ಅನ್ನಬೇಕಾದದ್ದು ಇನ್ಸುಲಿನ್ನು.
ನಿಮ್ಮಲ್ಲಿ ಅದರ ಮಾತು ಅವನ ಕಿವಿಗೆ ಬೀಳುತ್ತಿಲ್ಲ.

ಹಾಗಾದರೆ ಉಂಡೇ ನೋಡುವ ಎಂದು
ಮರುರಾತ್ರಿ ಎರಡು ಗಂಟೆಗೆ
ಹನೀಫನ ಎದುರು ಕಾಲು ಮಡಚಿ ಕೂತೆ.
ಬಂಗುಡೆ ಸಾರು, ಗುಡ್ಡೆ ಅನ್ನ,
ಅವನ ಒತ್ತಾಯಕ್ಕೆ ಇನ್ನೊಂದು ಸೌಟು, ಮೇಲೆ ನಾಲ್ಕು ಖರ್ಜೂರ.

ನೂರ ತೊಂಬತ್ತೊಂದು.
ಐರಿನ್ ನಗಲಿಲ್ಲ.
ಅಂಗಡಿ ಮುಚ್ಚಿದ ಮೇಲೆ ಲಾರಿ ಲೋಡು ಇಳಿಸಿದಿರಿ.
ಒಳಗೆ ಒಯ್ಯುವವರಿಲ್ಲದೆ ಸರಕು ಬೀದಿಯಲ್ಲೇ ಬಿದ್ದಿದೆ,
ಅತ್ತ ಅವನು ಎಂದಿನಂತೆ ಮೂರೂವರೆಗೆ
ಉಗ್ರಾಣದ ಬಾಗಿಲು ತೆಗೆದ.

ಇದು ನನಗೆ ಅರ್ಥವಾಗುವ ಮಾತು. ಯಾರ್ಡು ಬಲ್ಲೆ.

ಹಗಲು. ಕಿಟಕಿಗೆ ಅಂಟಿಸಿದ ಬೆಳ್ಳಿ ಕಾಗದ.
ನಿದ್ದೆ ಬಾರದೆ ಪಕ್ಕೆಯ ಮೇಲೆ ಅಂಗೈಯಿಟ್ಟು ಮಲಗಿದ್ದೆ.
ದೋಣಿ ಇಳಿಯದ ತಿಂಗಳುಗಳಿಗೆಂದು ಅಜ್ಜಿ
ಒಣಮೀನಿನ ಕುಕ್ಕೆಯನ್ನು ಅಟ್ಟದಲ್ಲಿ ಅಡಗಿಸುತ್ತಿದ್ದಳು.
ಮನೆಯಲ್ಲಿ ತಾಜಾ ಮೀನು ಕುದಿಯುವಾಗಲೂ
ಅರ್ಧರಾತ್ರಿ ಏಣಿ ಹತ್ತಿ ಮುಟ್ಟಿ ನೋಡುವಳು.
ಬರಗಾಲ ಮುಗಿಯಿತೆಂದು
ಅವಳಿಗೆ ಯಾರೂ ಹೇಳಿರಲಿಲ್ಲವೋ,
ಹೇಳಿದ್ದನ್ನು ಅವಳು ನಂಬಲಿಲ್ಲವೋ.

ಮಗಳು ಸುಲತಾ ತ್ರಾಸಿಯ ಸೊಸೈಟಿ ಬ್ಯಾಂಕಿನಲ್ಲಿ ಕ್ಯಾಷಿಯರು.
ಆರು ತಿಂಗಳಿಂದ ಫೋನಿನಲ್ಲಿ ಒಂದೇ ಪಾಠ:
ಅಪ್ಪಯ್ಯ, ಇನ್ನು ಕಳಿಸಬೇಡಿ.
ಆದರೂ ಒಂದನೇ ತಾರೀಕು ಚಪ್ಪಲಿ ತಾನಾಗಿ
ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತುತ್ತದೆ.
ಕೌಂಟರಿನ ಹುಡುಗ ಹೆಸರು ಕೇಳುವುದೂ ಇಲ್ಲ;
ಇಪ್ಪತ್ತೆರಡು ವರ್ಷದ ರೂಢಿ,
ಎಂಬತ್ತು ರಿಯಾಲು, ಇಲ್ಲಿ ಸಹಿ.

ಅವನನ್ನು ಬಯ್ಯಲು ಬಾಯಿ ಬರಲಿಲ್ಲ.

ಈಗ ಸಂಜೆ ಆರಕ್ಕೆ, ಹೆಲ್ಮೆಟ್ಟು ಹಾಕುವ ಮೊದಲು
ಎರಡು ಚಪಾತಿ, ಅಲಸಂಡೆ ಪಲ್ಯ, ಒಂದು ತುಂಡು ಮೀನು.
ನಡುರಾತ್ರಿ ಹಸಿದರೆ ಹುರಿಗಡಲೆ, ಅದೂ ಒಂದೇ ಹಿಡಿ.
ಬೆಟ್ಟದಷ್ಟು ಇಲ್ಲ, ಪೂರ್ತಿ ಉಪವಾಸವೂ ಇಲ್ಲ.
ಗೊಣಗುತ್ತಲೇ ಹನೀಫನೂ ತನ್ನ ಡಬ್ಬಿಯನ್ನು ಸಂಜೆಗೆ ತಂದಿದ್ದಾನೆ.
ಮೂರು ವಾರಕ್ಕೆ ನೂರ ಮೂವತ್ತೊಂಬತ್ತು.
ಇನ್ನೂ ಇಳಿಯಬೇಕು, ಮಾತ್ರೆ ಬಿಡಬೇಡಿ, ಅಂದಳು ಐರಿನ್,
ಆದರೆ ಈ ಸಲ ಬರೆದದ್ದು ನೀಲಿ ಶಾಯಿಯಲ್ಲಿ.

ನಿನ್ನೆ ಮೂರೂವರೆ. ಮುಂದ್ರಾದಿಂದ ಬಂದ ಹಡಗು.
ಒಂದು ಪೆಟ್ಟಿಗೆ ತಂತಿಯಲ್ಲಿ ತೂಗುತ್ತಿತ್ತು,
ಕೆಳಗೆ ಸಮುದ್ರ ಕಪ್ಪು ಎಣ್ಣೆಯ ಹಾಗೆ.
ಅವನೇಳುವ ಹೊತ್ತು.
ಎಡಗೈಯನ್ನು ಪಕ್ಕೆಗಿಟ್ಟು,
ಇವತ್ತು ಒಂಚೂರು ಕಮ್ಮಿ ಕಳಿಸು ಮಾರಾಯ,
ಇಲ್ಲಿ ಎಲ್ಲರೂ ಉಂಡಾಗಿದೆ, ಅಂದೆ.
ಕೇಳಿಸಿತೋ ಇಲ್ಲವೋ.
ಕೆಳಗೆ ಲಾರಿಯವನು ಹಾರ್ನ್ ಹೊಡೆದ.